ಐದು ದಿನದ ಮಾತ್ರೆ

ನನ್ನ ಕೈ ನಡುಗಲು ಶುರುವಾದದ್ದು ಯಾವಾಗ ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಅದು ಇನ್ನೊಬ್ಬರ ಕಣ್ಣಿಗೆ ಬಿದ್ದ ದಿನ ಮಾತ್ರ ನೆನಪಿದೆ. ಮೂಡುಬಿದಿರೆಯ ಸಹಕಾರಿ ಸೊಸೈಟಿಯೊಂದರಲ್ಲಿ ಯಾವುದೋ ಫಾರ್ಮಿಗೆ ಸಹಿ ಹಾಕಿ ಕೊಟ್ಟಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ಅದನ್ನು ಹಳೆಯ ಕಾರ್ಡಿನ ಪಕ್ಕದಲ್ಲಿಟ್ಟು ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಕಾರ್ಡು ನೋಡಿದಳು.

"ಟೀಚರ್, ಇನ್ನೊಮ್ಮೆ ಹಾಕ್ತೀರಾ? ಸ್ವಲ್ಪ ದೊಡ್ಡದು ಮಾಡಿ."

ಇನ್ನೊಮ್ಮೆ ಹಾಕಿದೆ. ಮೊದಲನೆಯ ಅಕ್ಷರ ಅಕ್ಷರದ ಹಾಗೆಯೇ ಇತ್ತು. ಎರಡನೆಯದು ಅದರ ಅರ್ಧ. ಕೊನೆಯದು ಸಾಸಿವೆ ಕಾಳಿನಷ್ಟಾಗಿ ಗೆರೆಯಿಂದ ಕೆಳಗೆ ಜಾರಿಹೋಗಿತ್ತು. ಮೂರನೆಯ ಸಲವೂ ಅದೇ. ಆಮೇಲೆ ಆ ಹುಡುಗಿಯೇ, "ಇರಲಿ ಟೀಚರ್. ನಮ್ಮ ಅಮ್ಮ ನಿಮ್ಮ ಹತ್ರವೇ ಟೈಪಿಂಗ್ ಕಲಿತದ್ದು, ನಂಗೆ ಗೊತ್ತುಂಟಲ್ಲ" ಎಂದು ಮ್ಯಾನೇಜರ ಬಳಿ ಮಾತಾಡಿ ಒಪ್ಪಿಸಿದಳು.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆ. ಇಪ್ಪತ್ತೆಂಟು ವರ್ಷ ನೂರಾರು ಮಕ್ಕಳ ಬೆರಳುಗಳನ್ನು ಹಿಡಿದು ಕೀಲಿಗಳ ಮೇಲೆ ಇಡಿಸಿದ ಕೈ ನನ್ನದು. ಅದೀಗ ಪರ್ಸಿನ ಜಿಪ್ ಎಳೆಯಲೂ ನನ್ನ ಮಾತು ಕೇಳುತ್ತಿರಲಿಲ್ಲ.

ನನ್ನ ಹೆಸರು ವಾರಿಜ. ಈಗ ಎಪ್ಪತ್ತೆರಡು ವರ್ಷ. ಮೂಡುಬಿದಿರೆಯ ಪೇಟೆಯಲ್ಲಿ ಮಾಳಿಗೆಯ ಮೇಲೊಂದು ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದೆ. ಕಂಪ್ಯೂಟರ್ ಬಂದ ಮೇಲೂ ಸ್ವಲ್ಪ ಸಮಯ ನಡೆಸಿ, ಮತ್ತೆ ಯಂತ್ರಗಳನ್ನು ಕೊಟ್ಟು ತೋಡಾರಿನ ಮನೆಯಲ್ಲಿ ಕೂತೆ. ನನ್ನ ಗಂಡ ಸೀತಾರಾಮ ಮೂಡುಬಿದಿರೆಯಿಂದ ಸಿದ್ದಕಟ್ಟೆಯಾಗಿ ಬಂಟ್ವಾಳಕ್ಕೆ ಹೋಗುವ ಬಸ್ಸುಗಳಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದವರು. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವನ ಬೈಗುಳ ತಿನ್ನಬೇಕಾದ ಕೆಲಸ ಅದು. ಹಾಗಾಗಿ ನಮ್ಮ ಮನೆಯಲ್ಲಿ ಗಂಜಿಗೂ ಒಂದು ಟೈಮಿಂಗ್ ಇತ್ತು, ಮಾತ್ರೆಗೂ ಒಂದು ಟೈಮಿಂಗ್ ಇತ್ತು. ಒಬ್ಬಳೇ ಮಗಳು ಶಶಿಕಲಾ ಪುಂಜಾಲಕಟ್ಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಅವಳ ಗಂಡನ ಮನೆಯೂ ಅಲ್ಲೇ.

ಇದನ್ನು ಬರೆಯುವುದು ಯಾರಿಗೂ ಬುದ್ಧಿ ಹೇಳಲಿಕ್ಕಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು, ಅದರೊಳಗೆ ಏನೇನಿದೆ ಎಂದು ತನಗೇ ಗೊತ್ತಿಲ್ಲದೆ ಕೂತಿರುವ ಹೆಂಗಸರನ್ನು ನಾನು ತುಂಬ ನೋಡಿದ್ದೇನೆ. ನಾನೂ ಹಾಗೆಯೇ ಕೂತಿದ್ದೆ.

ಸಹಿಯ ವಿಷಯ ಮನೆಯಲ್ಲಿ ಹೇಳಿದಾಗ ನಮ್ಮವರು ನಕ್ಕರು. "ಪ್ರಾಯ ಆಯ್ತಲ್ಲ ಮಾರಾಯ್ತಿ. ನಿನ್ನ ಸಹಿಗೂ ಎಪ್ಪತ್ತಾಯ್ತು." ನಾನೂ ನಕ್ಕೆ ಎಂದುಕೊಂಡೆ. ಆದರೆ ನಗು ಹೊರಗೆ ಬಂದಿರಲಿಕ್ಕಿಲ್ಲ. ಯಾಕೆಂದರೆ ಆ ದಿನಗಳಲ್ಲಿ ನನ್ನ ಮುಖಕ್ಕೆ ಏನೋ ಆಗಿತ್ತು. ಕನ್ನಡಿಯಲ್ಲಿ ನೋಡಿದರೆ ಯಾವ ಗೆರೆಯೂ ಅಲುಗದ ಒಂದು ಮುಖ ಅಲ್ಲಿರುತ್ತಿತ್ತು. ಒಳಗೆ ನಾನು ಸಂತೋಷದಲ್ಲಿದ್ದೇನೋ ಬೇಸರದಲ್ಲಿದ್ದೇನೋ, ಅದಕ್ಕೆ ಸುದ್ದಿಯೇ ತಲುಪುತ್ತಿರಲಿಲ್ಲ.

ಶಶಿಕಲಾ ಹೊಸ ಮನೆ ಕಟ್ಟಿಸಿ ಒಕ್ಕಲಾದಾಗ ಇದರಿಂದ ದೊಡ್ಡ ಬೇಸರವಾಯಿತು. ನಾನು ಬೆಳಿಗ್ಗೆಯಿಂದ ಕುರ್ಚಿಯಲ್ಲಿ ಕೂತೇ ಇದ್ದೆ. ಎದ್ದು ನಡೆದರೆ ಹೆಜ್ಜೆಗಳು ನೆಲಕ್ಕೆ ಅಂಟಿದಂತೆ ಪುಟ್ಟ ಪುಟ್ಟದಾಗಿ ಬರುತ್ತಿದ್ದವು, ನೋಡಿದವರು ಏನೆಂದಾರು ಎಂಬ ನಾಚಿಕೆ. ಬಂದವರೆಲ್ಲ ಮಾತಾಡಿಸಿದರು. ನಾನು ಉತ್ತರ ಹೇಳುವಷ್ಟರಲ್ಲಿ ಅವರು ಮುಂದಿನವರ ಹತ್ತಿರ ಹೋಗಿ ಆಗಿರುತ್ತಿತ್ತು. ಊಟವೆಲ್ಲ ಮುಗಿದ ಮೇಲೆ ಮಗಳು ಬಂದು ನನ್ನ ಎದುರು ನಿಂತಳು.

"ಅಮ್ಮ, ನಿಂಗೆ ಈ ಮನೆ ಇಷ್ಟ ಆಗ್ಲಿಲ್ವಾ?"

"ಎಂತಕ್ಕೆ ಹಾಗೆ ಕೇಳ್ತೀ?"

"ಅತ್ತೆ ಕೇಳಿದ್ರು, ನಿನ್ನ ಅಮ್ಮನಿಗೆ ನಮ್ಮ ಮೇಲೆ ಎಂತದು ಕೋಪ ಅಂತ. ಒಂದು ಸಲ ಆದ್ರೂ ನಗಾಡ್ಬಹುದಿತ್ತು ನೀನು."

ಆ ಮನೆಯ ಪ್ರತಿಯೊಂದು ಕಿಟಕಿಯನ್ನೂ ನೋಡಿ ನಾನು ಒಳಗೊಳಗೆ ಹಿಗ್ಗಿದ್ದೆ. ಅದನ್ನು ಹೇಳಲು ಹೋದರೆ ಮಾತು ಮೆಲ್ಲಗೆ, ಒಂದೇ ರಾಗದಲ್ಲಿ ಬಂತು. ಹೇಳಿದ್ದು ನನಗೇ ಸುಳ್ಳಿನಂತೆ ಕೇಳಿಸಿತು.

ಆಮೇಲೆ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದೆವು. ಬೆಳಿಗ್ಗೆ ಹೋದವರು ಮಧ್ಯಾಹ್ನದವರೆಗೆ ಕಾದೆವು. ನನ್ನ ಪಕ್ಕದಲ್ಲಿ ತಲೆಗೆ ಶಾಲು ಹೊದ್ದ ಒಬ್ಬರು ಬ್ಯಾರಿ ಹೆಂಗಸು ಕೂತಿದ್ದರು. ನನ್ನ ಕೈ ಮಡಿಲಲ್ಲಿ ತನ್ನಷ್ಟಕ್ಕೆ ಅಲುಗುವುದನ್ನು ನೋಡಿದ ಅವರು ತಮ್ಮ ಕೈಯನ್ನು ಅದರ ಮೇಲಿಟ್ಟು ಸ್ವಲ್ಪ ಹೊತ್ತು ಕೂತರು. ಅವರ ಹೆಸರು ಕೇಳಲಿಲ್ಲ. ಅವರ ನಂಬರ್ ಕರೆದಾಗ ಎದ್ದು ಹೋದರು. ಆ ದಿನದ್ದೆಂದು ನಾನು ಬೇಕೆಂದೇ ನೆನಪಿಟ್ಟುಕೊಂಡದ್ದು ಅದೊಂದೇ.

ಡಾಕ್ಟರು ನನ್ನನ್ನು ನಡೆಸಿ ನೋಡಿದರು, ಬೆರಳುಗಳನ್ನು ತಟ್ಟಿಸಿ ನೋಡಿದರು. ಪಾರ್ಕಿನ್ಸನ್ ಎಂಬ ನರದ ಕಾಯಿಲೆ ಆಗಿರಬಹುದು ಎಂದರು. ಒಬ್ಬ ಚಿಕ್ಕ ಡಾಕ್ಟರು ನಮ್ಮವರ ಕೈಯಿಂದ ಹಳೆಯ ಚೀಟಿಗಳನ್ನು ತೆಗೆದುಕೊಂಡು ಅದರಲ್ಲಿದ್ದ ಮಾತ್ರೆಗಳನ್ನೆಲ್ಲ ಹೊಸ ಕಾಗದಕ್ಕೆ ಇಳಿಸಿ, ಕೆಳಗೆ ಕೈ ನಡುಕಕ್ಕೆ ಒಂದು ಹೊಸದನ್ನು ಸೇರಿಸಿದರು. "ಇದನ್ನೆಲ್ಲ ಮುಂದುವರಿಸಿ. ನಿಲ್ಲಿಸ್ಬೇಡಿ." ನಮ್ಮವರು ಆ ಮಾತನ್ನು ದೇವರ ಪ್ರಸಾದದಂತೆ ಎರಡೂ ಕೈಯಲ್ಲಿ ತೆಗೆದುಕೊಂಡರು.

ಬಸ್ಸಿನಲ್ಲಿ ಬರುವಾಗ ನಾನು ಕೇಳಿದೆ, "ಇದು ಗುಣ ಆಗುದಿಲ್ವಂತೆ ಅಲ್ವಾ?"

"ಯಾರು ಹೇಳಿದ್ದು? ಮಾತ್ರೆ ಉಂಟಲ್ಲ. ಟೈಮಿಗೆ ಸರಿಯಾಗಿ ತಗೊಂಡ್ರೆ ಆಯ್ತು. ಅದು ನನ್ನ ಜವಾಬ್ದಾರಿ."

ಹೌದು, ಅದನ್ನು ಅವರು ತಮ್ಮ ಜವಾಬ್ದಾರಿ ಮಾಡಿಕೊಂಡರು. ಹಲ್ಲುಜ್ಜಿದ ಕೂಡಲೇ ಒಂದು, ತಿಂಡಿಗೆ ಮೊದಲು ಒಂದು, ತಿಂಡಿಯ ಮೇಲೆ ನಾಲ್ಕು, ಮಧ್ಯಾಹ್ನ ಎರಡು, ಸಂಜೆ ಒಂದು, ಊಟವಾಗಿ ಎರಡು. ಒಟ್ಟು ಹನ್ನೊಂದು. ಜೊತೆಗೊಂದು ಸಿರಪ್ಪು. ಅಂಗೈಯಲ್ಲಿ ಮಾತ್ರೆಗಳನ್ನಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ನೀರು ಹಿಡಿದು ನನ್ನ ಎದುರು ನಿಲ್ಲುತ್ತಿದ್ದರು. ನುಂಗುವವರೆಗೆ ಅಲುಗುತ್ತಿರಲಿಲ್ಲ. ನನಗೆ ಮಾತ್ರೆಯಲ್ಲಿಯೇ ಹೊಟ್ಟೆ ತುಂಬಿದಂತಾಗಿ ಗಂಜಿ ಸೇರುತ್ತಿರಲಿಲ್ಲ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಬಂಗುಡೆ ಸಾರಿಗೂ ಬಿಸಿನೀರಿಗೂ ರುಚಿಯಲ್ಲಿ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಹೊಟ್ಟೆ ಕಟ್ಟಿಕೊಂಡು ನಾಲ್ಕೈದು ದಿನ ಕಳೆಯುತ್ತಿತ್ತು. ಅದಕ್ಕೆ ಸಿರಪ್ಪು. ನಿದ್ದೆ ಬರುವುದಿಲ್ಲ ಎಂದದ್ದಕ್ಕೆ ಆ ಹನ್ನೊಂದರಲ್ಲಿ ಒಂದು. ಆಯಾಸ ಎಷ್ಟೆಂದರೆ, ಆಯಾಸವಾಗುತ್ತದೆ ಎಂದು ಹೇಳಲೂ ಬೇಡವೆನಿಸುತ್ತಿತ್ತು. ಹೇಳಿದರೆ ಅದಕ್ಕೂ ಒಂದು ಮಾತ್ರೆ ಬಂದರೆ?

ಒಂದು ಮಧ್ಯಾಹ್ನ ಚಾವಡಿಯಲ್ಲಿ ಕೂತಿದ್ದೆ. ಎದುರಿನ ಕುರ್ಚಿಯಲ್ಲಿ ಎರಡು ಜಡೆಯ ಒಬ್ಬಳು ಹುಡುಗಿ ಬೆನ್ನು ಬಗ್ಗಿಸಿ ಟೈಪ್ ಮಾಡುತ್ತಿದ್ದಳು. "ನೆಟ್ಟಗೆ ಕೂತ್ಕೋ. ಬೆರಳು ನೋಡ್ಬೇಡ, ಕಾಗದ ನೋಡು" ಎಂದು ಗದರಿಸಿದೆ. ಅಡುಗೆಮನೆಯಿಂದ ನಮ್ಮವರು ಬಂದರು.

"ಯಾರ ಹತ್ರ ಮಾತಾಡ್ತಿದ್ದೀ?"

ನಾನು ಕುರ್ಚಿ ತೋರಿಸಿದೆ. ಅಲ್ಲಿ ಒಗೆದ ಬಟ್ಟೆಯ ರಾಶಿ ಇತ್ತು.

ಅವರು ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು, ಒಂದೊಂದನ್ನೇ ಬಹಳ ಹೊತ್ತು ಮಡಚಿದರು. ಅರಳುಮರಳು ಶುರುವಾಯಿತೆಂದು ಅವರೂ ತಿಳಿದರು, ನಾನೂ ತಿಳಿದೆ. ನನ್ನ ಅಮ್ಮನಿಗೆ ಕೊನೆಕೊನೆಗೆ ಮಕ್ಕಳ ಗುರುತೇ ಸಿಗುತ್ತಿರಲಿಲ್ಲ. ಅದೇ ದಾರಿಯಲ್ಲಿ ನಾನೂ ಹೊರಟೆನೆಂದು ಆ ದಿನ ನನಗೆ ಖಾತ್ರಿಯಾಗಿತ್ತು. ಹೆದರಿಕೆಗಿಂತ ಹೆಚ್ಚಾಗಿ, ಇನ್ನು ಇದನ್ನೂ ದಾಟಬೇಕಲ್ಲ ಎಂಬ ಸುಸ್ತು.

ಅದಾಗಿ ಹತ್ತು ದಿನಕ್ಕೆ ಬೆಳಿಗ್ಗೆ ಬಚ್ಚಲುಮನೆಯ ಹೊಸ್ತಿಲಲ್ಲಿ ಬಿದ್ದೆ. ಮೂಳೆ ಮುರಿಯಲಿಲ್ಲ. ಹುಬ್ಬಿನ ಮೇಲೆ ಮೂರು ಹೊಲಿಗೆ ಬಿತ್ತು. ಶಶಿಕಲಾ ಅಂಗಡಿಗೆ ಬೀಗ ಹಾಕಿ ಬಂದವಳು ನನ್ನ ಮುಖ ನೋಡಿ ಅತ್ತಳು, ಮತ್ತೆ ಅಪ್ಪನ ಕಡೆ ತಿರುಗಿದಳು.

"ಅಪ್ಪ, ಅಮ್ಮನಿಗೆ ದಿನಕ್ಕೆ ಎಷ್ಟು ಮಾತ್ರೆ ಕೊಡ್ತೀರಿ ನೀವು?"

"ಡಾಕ್ಟ್ರು ಬರೆದಷ್ಟು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ."

"ಯಾವ ಡಾಕ್ಟ್ರು? ಬಂಟ್ವಾಳದವರಾ, ಮೂಡುಬಿದಿರೆಯವರಾ, ಮಂಗಳೂರಿನವರಾ?"

"ಎಲ್ಲರೂ" ಎಂದರು ನಮ್ಮವರು.

ಬೆಳ್ತಂಗಡಿಯಲ್ಲಿ ಒಬ್ಬರು ಡಾಕ್ಟ್ರಮ್ಮ ಇದ್ದಾರೆ, ಶಶಿಕಲಾಳ ಅಂಗಡಿಗೆ ರವಿಕೆ ಹೊಲಿಸಲು ಬರುವ ಟೀಚರೊಬ್ಬರ ಮಾವನನ್ನು ಅವರು ನೋಡಿದ್ದರಂತೆ. ಪ್ರಾಯದವರನ್ನು ಕೂರಿಸಿಕೊಂಡು ಕೇಳುತ್ತಾರೆ ಎಂಬುದಷ್ಟೇ ಅವರ ಬಗ್ಗೆ ಗೊತ್ತಿದ್ದದ್ದು. ಶಶಿಕಲಾ ಫೋನ್ ಮಾಡಿದಾಗ ಹೇಳಿದರಂತೆ, "ಚೀಟಿ ಮಾತ್ರ ತರ್ಬೇಡಿ. ಮನೆಯಲ್ಲಿರುವ ಮಾತ್ರೆ, ಸಿರಪ್, ಕಷಾಯ, ಮುಲಾಮು ಎಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ."

ನಮ್ಮವರಿಗೆ ಮನಸ್ಸಿರಲಿಲ್ಲ. "ಮಂಗಳೂರಿನ ದೊಡ್ಡ ಡಾಕ್ಟ್ರು ಹೇಳಿದ್ದಕ್ಕಿಂತ ಹೆಚ್ಚು ಇವರಿಗೆ ಎಂತ ಗೊತ್ತುಂಟು?" ಎಂದು ವೇಣೂರು ದಾಟುವವರೆಗೂ ಗೊಣಗಿದರು. ಆದರೆ ಚೀಲ ತುಂಬಿಸಿದವರು ಅವರೇ. ಅದರ ಜೊತೆ ತಮ್ಮ ನೋಟು ಪುಸ್ತಕವನ್ನೂ ಇಟ್ಟಿದ್ದರು. ಕಂಡಕ್ಟರಾಗಿದ್ದಾಗ ಟ್ರಿಪ್ಪುಗಳನ್ನು ಬರೆದ ಅಭ್ಯಾಸದಲ್ಲಿ ನನ್ನ ಔಷಧಿಗಳಿಗೂ ಒಂದು ಪುಸ್ತಕ ಮಾಡಿದ್ದರು. ಯಾವ ದಿನ ಯಾವುದು ಶುರುವಾಯಿತು, ಯಾಕೆ, ಯಾರು ಬರೆದದ್ದು, ಎಲ್ಲ ಅದರಲ್ಲಿತ್ತು.

ಆ ಕ್ಲಿನಿಕ್ಕಿನಲ್ಲಿ ಮೂರೇ ಬೆಂಚು. ಎರಡೂವರೆ ಗಂಟೆ ಕಾದೆವು. ಒಳಗೆ ಹೋದವರು ಬೇಗ ಹೊರಗೆ ಬರುತ್ತಲೇ ಇರಲಿಲ್ಲ. ಅದು ಯಾಕೆಂದು ನಮ್ಮ ಸರದಿ ಬಂದಾಗ ತಿಳಿಯಿತು. ಐವತ್ತರ ಪ್ರಾಯದ ಡಾಕ್ಟ್ರಮ್ಮ ಚೀಲವನ್ನು ಮೇಜಿನ ಮೇಲೆ ಸುರಿದು, ಮಾತ್ರೆಗಳ ಒಂದೊಂದು ಬೆಳ್ಳಿ ಕಾಗದದ ಎಲೆಯನ್ನೂ ಎತ್ತಿ ಹಿಡಿದು, "ಇದು ಎಂತಕ್ಕೆ ಅಂತ ಗೊತ್ತುಂಟಾ ಅಮ್ಮ?" ಎಂದು ನನ್ನನ್ನೇ ಕೇಳಿದರು. ಹನ್ನೊಂದರಲ್ಲಿ ಮೂರಕ್ಕೆ ಮಾತ್ರ ನನ್ನಲ್ಲಿ ಉತ್ತರವಿತ್ತು. ನಾಚಿಕೆಯಾಯಿತು. ಕಲಿಸಿದವಳು ನಾನು, ಪರೀಕ್ಷೆಯಲ್ಲಿ ಕೂತದ್ದೂ ನಾನು.

ಆಗ ನಮ್ಮವರು ಪುಸ್ತಕವನ್ನು ಮುಂದೆ ತಳ್ಳಿದರು. "ಎಲ್ಲ ಇದ್ರಲ್ಲಿ ಉಂಟು." ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಡಾಕ್ಟ್ರಮ್ಮ ಮೊದಲ ಪುಟದಿಂದ ಓದಿದರು. ಅರ್ಧ ತನಗೆ, ಅರ್ಧ ನಮಗೆ ಕೇಳುವಂತೆ.

"ಬೀಪಿ ಮಾತ್ರೆ ಜಾಸ್ತಿ ಮಾಡಿದ್ದು. ಒಂದು ತಿಂಗಳಿಗೆ ಕಾಲು ಬೀಗಿದ್ದು. ಕಾಲು ಬೀಗಿದ್ದಕ್ಕೆ ನೀರು ಹೋಗುವ ಮಾತ್ರೆ. ಅದಾಗಿ... ಏಳುವಾಗ ತಲೆ ತಿರುಗುವುದು. ತಲೆ ತಿರುಗುವುದಕ್ಕೆ ಇದು." ಒಂದು ಎಲೆಯನ್ನು ಬೇರೆ ಇಟ್ಟರು. "ಇದ್ರ ಎದುರು ಐದು ದಿನ ಅಂತ ಬರ್ದಿದ್ದೀರಿ."

"ಹೌದು. ಬಂಟ್ವಾಳದ ಡಾಕ್ಟ್ರು ಹಾಗೆ ಬರೆದದ್ದು."

"ನಿಲ್ಲಿಸಿದ್ದು ಯಾವಾಗ?"

"ನಿಲ್ಲಿಸ್ಲಿಲ್ಲ."

"ಅಂದ್ರೆ?"

"ಐದು ದಿನದಲ್ಲಿ ಇವಳಿಗೆ ಗುಣ ಆಯ್ತು. ಗುಣ ಆದ ಮಾತ್ರೆಯನ್ನು ನಿಲ್ಲಿಸುದು ಹೇಗೆ ಅಂತ... ಮೆಡಿಕಲ್‌ನಲ್ಲಿ ಕೇಳಿದೆ, ಕೊಟ್ರು. ಮತ್ತೆ ಪ್ರತಿ ತಿಂಗಳು ಉಳಿದದ್ದರ ಜೊತೆ ಅದನ್ನೂ ತಂದೆ. ಮಂಗಳೂರಿನಲ್ಲೂ ಮುಂದುವರಿಸಿ ಅಂತ ಹೇಳಿದ್ರು."

"ಎಷ್ಟು ಸಮಯ ಆಯ್ತು?"

ನಮ್ಮವರು ಲೆಕ್ಕ ಹಾಕಬೇಕಾಗಿರಲಿಲ್ಲ. ಆದರೂ ಬೆರಳು ಮಡಚಿ ಎಣಿಸಿದರು. "ಎರಡು ವರ್ಷ ದಾಟಿತು."

ಡಾಕ್ಟ್ರಮ್ಮ ಎರಡು ಪುಟ ಮುಂದೆ ಹೋದರು, ಹಿಂದೆ ಬಂದರು. "ಕೈ ನಡುಗುದು ಅಂತ ನೀವು ಮೊದಲು ಬರ್ದದ್ದು ಇದು ಶುರುವಾಗಿ ಐದನೇ ತಿಂಗಳಿಗೆ."

ಶಶಿಕಲಾ ಅಪ್ಪನ ಮುಖ ನೋಡಲಿಲ್ಲ. ನಾನು ನೋಡಿದೆ. ಟಿಕೆಟು ಕೊಡದೆ ಬಿಟ್ಟು ಚೆಕಿಂಗಿನವರ ಕೈಗೆ ಸಿಕ್ಕಿಬಿದ್ದ ಕಂಡಕ್ಟರಿನ ಮುಖವನ್ನು ನಾನು ಕಂಡಿಲ್ಲ, ಆದರೆ ಅದು ಹಾಗಿರಬಹುದು.

"ಅಮ್ಮನಿಗೆ ಪಾರ್ಕಿನ್ಸನ್ ಇಲ್ಲ ಅಂತ ನಾನು ಹೇಳುದಿಲ್ಲ" ಎಂದರು ಡಾಕ್ಟ್ರಮ್ಮ. "ಇರ್ಲಿಕ್ಕೂ ಸಾಕು. ಆದ್ರೆ ಈ ಮಾತ್ರೆ ಇಷ್ಟು ಸಮಯ ತಗೊಂಡ್ರೆ ಕೈ ನಡುಗ್ತದೆ, ಹೆಜ್ಜೆ ಕಟ್ತದೆ, ಮುಖ ಗಟ್ಟಿ ಆಗ್ತದೆ. ಮೊದಲು ಇದನ್ನು ತೆಗೆದು ನೋಡುವ. ನಡುಕಕ್ಕೆ ಕೊಟ್ಟದ್ದು ಉಂಟಲ್ಲ, ಬಾಯಿ ಒಣಗುದು, ಹೊಟ್ಟೆ ಕಟ್ಟುದು, ಇಲ್ಲದವರು ಕಾಣುದು, ಅದರಿಂದ ಇರ್ಬಹುದು. ಅದನ್ನು ಮೆಲ್ಲ ಇಳಿಸುವ. ಒಟ್ಟಿಗೆ ಎಲ್ಲ ನಿಲ್ಲಿಸ್ಲಿಕ್ಕೆ ಆಗುದಿಲ್ಲ. ಒಂದೊಂದೇ."

ಅವರು ನಮ್ಮ ಎದುರೇ ಮಂಗಳೂರಿನ ಡಾಕ್ಟರಿಗೆ ಫೋನ್ ಮಾಡಿದರು. ಅವರೂ ತಡಮಾಡದೆ ಒಪ್ಪಿದರಂತೆ, ತಾನೇ ಕೇಳಬೇಕಿತ್ತು ಎಂದೂ ಹೇಳಿದರಂತೆ. ಫೋನ್ ಇಟ್ಟು ಡಾಕ್ಟ್ರಮ್ಮ ನಮ್ಮವರ ಕಡೆ ತಿರುಗಿದರು. "ನೀವು ಬರ್ದಿಡದಿದ್ರೆ ನನಗೂ ಗೊತ್ತಾಗ್ತಿರ್ಲಿಲ್ಲ." ಅದು ಸಮಾಧಾನಕ್ಕೆ ಹೇಳಿದ ಮಾತು, ಸತ್ಯವೂ ಆಗಿತ್ತು. ನಮ್ಮವರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

ಹಿಂದೆ ಬರುವಾಗ ಬಸ್ಸಿನಲ್ಲಿ ಸೀಟುಗಳು ಖಾಲಿ ಇದ್ದವು. ಅವರು ಕೂರಲಿಲ್ಲ. ಬೆಳ್ತಂಗಡಿಯಿಂದ ಮೂಡುಬಿದಿರೆಯವರೆಗೂ ಕಂಬಿ ಹಿಡಿದು ನಿಂತೇ ಬಂದರು.

ಬಿಡುವುದು ಹಿಡಿಯುವುದಕ್ಕಿಂತ ಸುಲಭ ಎಂದು ನಾನು ತಿಳಿದಿದ್ದೆ. ಒಂದು ಮಾತ್ರೆ ಬಿಟ್ಟರೆ ನಾಳೆ ಬೆಳಿಗ್ಗೆ ಕೈ ನಿಲ್ಲುತ್ತದೆ ಎಂಬ ಆಸೆ. ನಿಲ್ಲಲಿಲ್ಲ. ಒಂದು ವಾರವಾಯಿತು, ಎರಡು ವಾರವಾಯಿತು. ನಡುಗುವುದು ನಡುಗುತ್ತಲೇ ಇತ್ತು, ಅದರ ಮೇಲೆ ವಾಕರಿಕೆ ಬೇರೆ. ಮಾತ್ರೆ ಕೊಡುವ ಕೆಲಸವನ್ನು ಶಶಿಕಲಾ ತೆಗೆದುಕೊಂಡಿದ್ದಳು. ವಾರಕ್ಕೊಮ್ಮೆ ಬಂದು ದಿನ ದಿನಕ್ಕೆ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಟ್ಟು ಹೋಗುತ್ತಿದ್ದಳು. ನಮ್ಮವರು ಆ ಡಬ್ಬಿಗಳ ಹತ್ತಿರ ಹೋಗುತ್ತಿರಲಿಲ್ಲ. ಪುಸ್ತಕವನ್ನೂ ತೆರೆಯಲಿಲ್ಲ. ನನಗೆ ಬಿಸಿನೀರು ಕಾಯಿಸುತ್ತಿದ್ದರು, ಗಂಜಿಗೆ ಒಂದೆಲಗದ ಚಟ್ನಿ ಅರೆಯುತ್ತಿದ್ದರು.

ಮೂರನೆಯ ವಾರ ಒಂದು ಬೆಳಿಗ್ಗೆ ಮಂಚದಿಂದ ಏಳುವಾಗ ಗೋಡೆಯೇ ಸುತ್ತಿತು. ಮತ್ತೆ ಹಾಸಿಗೆಗೆ ಬಿದ್ದೆ. ಕಣ್ಣು ಬಿಟ್ಟರೆ ಮಾಡು ತಿರುಗುತ್ತದೆ, ಮುಚ್ಚಿದರೆ ನಾನು ತಿರುಗುತ್ತೇನೆ. ನಮ್ಮವರು ಓಡಿಬಂದರು. ನನ್ನ ತಲೆ ಹಿಡಿದು ಕೂತರು. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಲೋಟದಲ್ಲಿ ನೀರು ತಂದು, ಅಂಗೈ ಚಾಚಿದರು.

ಹಳದಿ ಬಣ್ಣದ ಆ ಸಣ್ಣ ಮಾತ್ರೆ, ಐದು ದಿನದ್ದು. ಎಲ್ಲಿ ಅಡಗಿಸಿಟ್ಟಿದ್ದರೋ.

"ಇದೊಂದು ಸಲ" ಎಂದರು. "ಇದೊಂದು ಸಲ ತಗೋ ವಾರಿಜಾ. ನೀನು ಬಿದ್ರೆ ನಂಗೆ ಎತ್ಲಿಕ್ಕೆ ಆಗುದಿಲ್ಲ. ಶಶಿಗೆ ಹೇಳುದು ಬೇಡ."

ನಾನು ಅದನ್ನು ಕೈಗೆ ತೆಗೆದುಕೊಂಡೆ. ಇಲ್ಲಿ ಸುಳ್ಳು ಬರೆಯುವುದಿಲ್ಲ. ನನಗೆ ಅದು ಬೇಕಾಗಿತ್ತು. ಅದನ್ನು ನುಂಗಿದರೆ ಅರ್ಧ ಗಂಟೆಯಲ್ಲಿ ಗೋಡೆಗಳು ನಿಲ್ಲುತ್ತವೆ ಎಂದು ಗೊತ್ತಿತ್ತು. ಕೈ ನಡುಗಿದರೆ ನಡುಗಲಿ, ಮುಖ ಕಲ್ಲಾದರೆ ಆಗಲಿ, ಮಾಡು ನಿಂತರೆ ಸಾಕು ಎಂದು ಮನಸ್ಸು ಹೇಳಿತು. ತುಟಿಯವರೆಗೂ ತಂದೆ. ಆಗ ಅವರ ಕೈಯಲ್ಲಿದ್ದ ಲೋಟದಿಂದ ನೀರು ಹಾಸಿಗೆಗೆ ಚೆಲ್ಲುತ್ತಿತ್ತು. ನೋಡಿದರೆ ಅವರ ಕೈ ನನ್ನದಕ್ಕಿಂತ ಹೆಚ್ಚು ನಡುಗುತ್ತಿತ್ತು. ಹೆದರಿಕೆಯಲ್ಲಿ.

"ಶಶಿಗೆ ಫೋನ್ ಮಾಡಿ" ಎಂದೆ.

ಮಗಳು ಡಾಕ್ಟ್ರಮ್ಮನನ್ನು ಹಿಡಿದು ಕೇಳಿದಳು. ತಲೆ ತಿರುಗುವುದು ನೀರು ಹೋಗುವ ಮಾತ್ರೆಯಿಂದ ಇರಬಹುದು, ಅದನ್ನು ಆ ದಿನದಿಂದಲೇ ನಿಲ್ಲಿಸಿ, ಬೀಪಿಗೆ ಬೇರೆ ಮಾತ್ರೆ ಬರೆಯುತ್ತೇನೆ, ಏಳುವಾಗ ಮೊದಲು ಕಾಲು ಇಳಿಬಿಟ್ಟು ಕೂತು ಮತ್ತೆ ನಿಲ್ಲಲಿ ಎಂದರಂತೆ. ಅದನ್ನು ಮುಂದಿನ ವಾರ ಮಾಡಬೇಕೆಂದಿದ್ದರಂತೆ. ಹಳದಿ ಮಾತ್ರೆಯನ್ನು ನಮ್ಮವರು ಅಂಗಳದ ತೆಂಗಿನ ಬುಡಕ್ಕೆ ಎಸೆದು ಬಂದರು. ಉಳಿದ ಎಲೆಯನ್ನೂ ತಾವಾಗಿಯೇ ತಂದು ಶಶಿಗಾಗಿ ಮೇಜಿನ ಮೇಲಿಟ್ಟರು.

ಆಮೇಲೆ ನಿದ್ದೆ ಮಾತ್ರೆಯ ಸರದಿ. ಅದನ್ನು ಅರ್ಧ ಮಾಡಿ, ಕಾಲು ಮಾಡಿ, ಒಂದು ದಿನ ಬಿಟ್ಟು ಒಂದು ದಿನ ಮಾಡಿ ಬಿಡಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳು ನಾನು ಮನುಷ್ಯಳಾಗಿರಲಿಲ್ಲ. ಹಾಲು ಉಕ್ಕಿದ್ದಕ್ಕೆ ಅಳುತ್ತಿದ್ದೆ. ಬೆಳುವಾಯಿಯಿಂದ ನೋಡಲು ಬಂದ ನನ್ನ ಅಕ್ಕನನ್ನು, ಬಂದದ್ದು ಯಾಕೆ ಎಂದು ಕೇಳಿದೆ. ಅವಳು ಚಹಾ ಕುಡಿಯದೆ ಹೋದಳು. ಮತ್ತೆ ಎರಡು ವಾರ ಬಿಟ್ಟು ಏನೂ ಆಗದವಳಂತೆ ಹಲಸಿನ ಹಪ್ಪಳ ಹಿಡಿದುಕೊಂಡು ಬಂದಳು. ಅಂಥ ಜನ ನನಗಿದ್ದರು ಎಂಬುದನ್ನೂ ಹೇಳಬೇಕು.

ಗುಣವಾದದ್ದು ಹೇಗೆಂದರೆ, ಯಾವುದೂ ಒಂದು ದಿನ ಆಗಲಿಲ್ಲ. ಬಾಯಿಗೆ ಮೊದಲು ನೀರು ಬಂತು. ಉಪ್ಪಿನಕಾಯಿಯ ಹುಳಿ ತಿಳಿಯಿತು. ಎರಡು ಜಡೆಯ ಹುಡುಗಿ ಮತ್ತೆ ಬರಲಿಲ್ಲ. ನಾಲ್ಕನೆಯ ತಿಂಗಳು ಒಮ್ಮೆ ನಮ್ಮವರು ನೀರುದೋಸೆ ಎರೆಯಲು ಹೋಗಿ ಕಾವಲಿಯಿಂದ ಎಬ್ಬಿಸುವಾಗ ಅದು ಹರಿದು ಮುದ್ದೆಯಾಯಿತು. "ಬಂಟ್ವಾಳದ ನಕಾಶೆ" ಎಂದು ನನ್ನ ತಟ್ಟೆಗೆ ಹಾಕಿದರು. ಅಷ್ಟೇನೂ ದೊಡ್ಡ ತಮಾಷೆಯಲ್ಲ. ನಾನು ನಕ್ಕೆ. ಅವರು ಸಟ್ಟುಗ ಹಿಡಿದುಕೊಂಡೇ ನನ್ನ ಮುಖವನ್ನು ನೋಡುತ್ತ ನಿಂತರು. ಕಾವಲಿಯ ಮೇಲಿದ್ದ ಮುಂದಿನ ದೋಸೆ ಕರಿಹಿಡಿದು ಹೊಗೆ ಬಂತು.

"ನಗಾಡಿದೆಯಾ ನೀನು?" ಎಂದು ಕೇಳಿದರು.

ಈಗ ಒಂದು ವರ್ಷ ಕಳೆದಿದೆ. ಹನ್ನೊಂದರಲ್ಲಿ ನಾಲ್ಕು ಉಳಿದಿವೆ. ಬೀಪಿಗೆ, ಥೈರಾಯಿಡಿಗೆ, ಇನ್ನೆರಡು. ಅವು ಬೇಕು. ಯಾವುದು ಯಾಕೆ ಎಂದು ಈಗ ಕೇಳಿದರೆ ಹೇಳುತ್ತೇನೆ. ನಡಿಗೆ ನೆಟ್ಟಗಾಗಿದೆ. ಬಲಗೈ ಮಾತ್ರ ಸುಸ್ತಾದ ದಿನ ಈಗಲೂ ಸ್ವಲ್ಪ ಅಲುಗುತ್ತದೆ. ಅದು ಆ ಮಾತ್ರೆಯ ಉಳಿಕೆಯೋ, ಅಥವಾ ನಿಜವಾದ ಕಾಯಿಲೆಯೇ ಮೆಲ್ಲಗೆ ಬರುತ್ತಿರುವುದೋ ಡಾಕ್ಟ್ರಮ್ಮನಿಗೂ ಗೊತ್ತಿಲ್ಲ. "ಕಾದು ನೋಡುವ" ಎನ್ನುತ್ತಾರೆ. ನೆರೆಕರೆಯವರು ಸುದ್ದಿ ಕೇಳಿ ತಮ್ಮ ತಮ್ಮ ಚೀಲ ತಂದು ತೋರಿಸುತ್ತಾರೆ, ಯಾವುದನ್ನು ಬಿಡುವುದು ಎಂದು ಕೇಳುತ್ತಾರೆ. ನಾನು ಚೀಲವನ್ನು ಬಿಚ್ಚುವುದೂ ಇಲ್ಲ. ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ ಎನ್ನುತ್ತೇನೆ. ಯಾಕೆಂದರೆ ತಾನಾಗಿಯೇ ಬಿಟ್ಟರೆ ಏನಾಗುತ್ತದೆ ಎಂದು ನಮ್ಮ ಮನೆಯಲ್ಲೇ ಕಂಡೆವು.

ಬಿಟ್ಟವರು ನಮ್ಮವರು. ಅವರಿಗೂ ಬೀಪಿ ಇದೆ, ಹದಿನೈದು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಕಳೆದ ತಿಂಗಳು ಅವರ ಬಟ್ಟೆ ಇಡುವ ಕಪಾಟಿನಲ್ಲಿ ಒಡೆಯದ ಮಾತ್ರೆಯ ಎಲೆಗಳು ಸಿಕ್ಕಿದವು. ನಾನು ಜಗಳವಾಡಲಿಲ್ಲ. ಮರುದಿನವೇ ಬೆಳ್ತಂಗಡಿಗೆ ಕರೆದುಕೊಂಡು ಹೋದೆ. ಡಾಕ್ಟ್ರಮ್ಮ ಬೀಪಿ ನೋಡಿ ಪಟ್ಟಿಯನ್ನು ಬಿಚ್ಚಿ, ಇನ್ನೊಂದು ತೋಳಿಗೆ ಕಟ್ಟಿ ಮತ್ತೆ ನೋಡಿದರು.

"ಎಷ್ಟು ಸಮಯ ಆಯ್ತು ನಿಲ್ಲಿಸಿ?"

"ಎರಡು ತಿಂಗಳು."

"ನಾನು ಹೇಳಿದ್ನಾ ನಿಲ್ಲಿಸ್ಲಿಕ್ಕೆ?"

"ಇಲ್ಲ. ನಂಗೆ ಮಾತ್ರೆ ನೋಡುವಾಗ ಹೇಸಿಗೆ ಆಗ್ತದೆ."

"ನಿಮಗೆ ಅದು ಬೇಕು ಸೀತಾರಾಮಣ್ಣ. ನೀವು ಬಿದ್ರೆ ಅಮ್ಮನಿಗೆ ಯಾರು?" ಎಂದು ಅವರು ಚೀಟಿ ಬರೆದರು. ಬೈಯಲಿಲ್ಲ.

ಹೊರಗೆ ಬೆಂಚಿನ ಮೇಲೆ ಸ್ವಲ್ಪ ಕೂತೆವು. ಅವರಿಗೆ ಏಳುವ ಅವಸರವಿರಲಿಲ್ಲ. ಚೀಟಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿ, ನೆಲ ನೋಡುತ್ತ ಕೇಳಿದರು.

"ನಿಂಗೆ ನನ್ನ ಮೇಲೆ ಸಿಟ್ಟುಂಟಾ?"

ಒಂದು ವರ್ಷದಿಂದ ಈ ಪ್ರಶ್ನೆಗೆ ಕಾಯುತ್ತಿದ್ದೆ. ಕೇಳಿದರೆ ಇಲ್ಲವೆಂದು ಹೇಳಬೇಕೆಂದೂ ಇಟ್ಟುಕೊಂಡಿದ್ದೆ. ಪಾಪ, ಒಂದು ದಿನವೂ ಹೊತ್ತು ತಪ್ಪಿಸಿದವರಲ್ಲ. ಆದರೆ ಆ ಹೊತ್ತಿಗೆ ಇಲ್ಲವೆನ್ನಲು ನನಗೆ ಬಲವಿರಲಿಲ್ಲ.

"ಉಂಟು" ಎಂದೆ. "ಸ್ವಲ್ಪ ಉಂಟು. ನಮ್ಮ ಪ್ರಾಯಕ್ಕೆ ಎರಡು ವರ್ಷ ಅಂದ್ರೆ ಸಣ್ಣದಲ್ಲ."

ಅವರು ತಲೆಯಾಡಿಸಿದರು. ಯಾರೋ ಕೊನೆಗೂ ಸರಿಯಾದ ನಿಲ್ದಾಣದ ಹೆಸರು ಹೇಳಿದಂತೆ ಅವರ ಹೆಗಲು ಇಳಿಯಿತು. "ಇರ್ಬೇಕು" ಎಂದರು. "ಇಲ್ಲ ಅಂತ ಹೇಳಿದ್ರೆ ನಂಗೆ ಮನೆಗೆ ಬರ್ಲಿಕ್ಕೆ ಆಗ್ತಿರ್ಲಿಲ್ಲ."

ನಾನು ಅವರ ಕೈಯಿಂದ ಚೀಟಿ ತೆಗೆದುಕೊಂಡು ಪಕ್ಕದ ಮೆಡಿಕಲ್‌ಗೆ ಹೋದೆ. ಅಲ್ಲಿ ಜನ ತುಂಬಿತ್ತು. ಅಂಗಡಿಯವನು ಚೀಟಿಯನ್ನು ಒಮ್ಮೆ ನೋಡಿ ಮೂರು ಎಲೆ ಮಾತ್ರೆ ಕಟ್ಟಿ ನನ್ನ ಕಡೆ ತಳ್ಳಿ, ಮುಂದಿನವರಿಗೆ ಕೈ ಚಾಚಿದ.

"ಇದು ಎಂತಕ್ಕೆ?" ಎಂದು ಕೇಳಿದೆ.

"ಬೀಪಿಗೆ ಅಜ್ಜಿ."

"ಎಷ್ಟು ದಿನಕ್ಕೆ? ಪುನಃ ಡಾಕ್ಟ್ರಿಗೆ ತೋರಿಸುದು ಯಾವಾಗ ಅಂತ ಬರ್ದಿದ್ದಾರೆ?"

"ಎಲ್ಲ ಚೀಟಿಯಲ್ಲಿ ಉಂಟು ಅಜ್ಜಿ. ರಶ್ ಉಂಟು, ನೋಡಿ."

"ನಂಗೆ ಗಡಿಬಿಡಿ ಇಲ್ಲ" ಎಂದು ಚೀಟಿಯನ್ನು ಅವನ ಎದುರು ಬಿಡಿಸಿಟ್ಟೆ. "ಓದಿ ಹೇಳು ಮಗಾ."

ಅವನು ಉಸಿರು ಬಿಟ್ಟು, ಕನ್ನಡಕ ಸರಿಮಾಡಿಕೊಂಡು ಓದತೊಡಗಿದ. ನಾನು ನಮ್ಮವರನ್ನು ಹತ್ತಿರ ಕರೆದು, ಅವರಿಗೂ ಕೇಳುವಷ್ಟು ಜಾಗ ಬಿಟ್ಟು ನಿಂತೆ.